ಆರ್ಯಭಟನ ಮಾದರಿಗೆ ಅಂಟುಚಿತ್ರಗಳು

ಹೋಟೆಲಿನ ಪಿಂಗಾಣಿ ಬಟ್ಟಲುಗಳ ಮೇಲಿನ ಹೂಬಳ್ಳಿಯನ್ನೂ ಹೆಸರನ್ನೂ ಪ್ರತಿದಿನ ಕಾಣುವ ನಮ್ಮವರಲ್ಲಿ, ಅವು ಅಲ್ಲಿಗೆ ಬಂದ ಬಗೆಯನ್ನು ಅರಿತವರು ವಿರಳ. ಅವುಗಳಲ್ಲಿ ಅನೇಕವು ಕುಂಚದಿಂದ ಬರೆದವಲ್ಲ. ಕಾಗದದ ಮೇಲೆ ಅಚ್ಚಾದ ಚಿತ್ರವನ್ನು ನೀರಿನಲ್ಲಿ ನೆನೆಸಿ, ಬಟ್ಟಲಿನ ಮೇಲಕ್ಕೆ ಜಾರಿಸಿ, ಬಳಿಕ ಕುಲುಮೆಯಲ್ಲಿ ಸುಟ್ಟು ನೆಲೆಗೊಳಿಸುವರು. ಇದಕ್ಕೆ ಡೆಕಾಲ್ ಎಂದು ಹೆಸರು. ಸುಡುವ ಕೆಲಸವೊಂದನ್ನು ಬಿಟ್ಟರೆ, ವ್ಯೋಮನೌಕೆಗಳ ಪುಟ್ಟ ಮಾದರಿಗಳನ್ನು ಸಿಂಗರಿಸುವ ವಿದ್ಯೆಯೂ ಇದೇ ಆಗಿದೆ.

ಪೋರೂರಿನಲ್ಲಿ ನೆಲೆಸಿರುವ ನಮ್ಮ ಗುಮಾಸ್ತರೂ ಹೋಟೆಲು ನೌಕರರೂ ರಜೆಯ ದಿನ ಮಕ್ಕಳೊಡನೆ ಕೈಗೊಳ್ಳಲು ಆರ್ಯಭಟ ಉಪಗ್ರಹದ ಮಾದರಿ ಬಹಳ ಯೋಗ್ಯವಾದುದು. ಅದರ ನಿರ್ಮಾಣದ ನೇತೃತ್ವ ವಹಿಸಿದ ಪ್ರೊ. ಯು. ಆರ್. ರಾಯರು 1932ರಲ್ಲಿ ಉಡುಪಿಯ ಸಮೀಪದ ಅದಮಾರಿನಲ್ಲಿ ಜನಿಸಿದವರು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ 360 ಕಿಲೋಗ್ರಾಂ ತೂಕದ ಆ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಗಗನಕ್ಕೇರಿತು. ಮರುವರ್ಷದಿಂದ ಅದರ ಚಿತ್ರವು 2 ರೂಪಾಯಿ ನೋಟಿನ ಹಿಂಬದಿಯಲ್ಲಿ ಅಚ್ಚಾಯಿತು. ಗಲ್ಲಾದಲ್ಲಿ ಕುಳಿತ ಹಿರಿಯರಿಗೆ ಅದು ನೆನಪಿರಬಹುದು.

ಆರ್ಯಭಟನಿಗೆ 26 ಮುಖಗಳು. ತಲೆ, ತಳಗಳನ್ನು ಬಿಟ್ಟು ಉಳಿದ 24 ಮುಖಗಳಿಗೆ ಸೌರಕೋಶಗಳ ಹೊದಿಕೆ ಇದ್ದಿತು. ಅದರ ಅಡ್ಡಳತೆ ಸುಮಾರು 1.4 ಮೀಟರು. ಹತ್ತರಲ್ಲೊಂದು ಪ್ರಮಾಣದ ಮಾದರಿಯೆಂದರೆ 14 ಸೆಂಟಿಮೀಟರು. ಇದಕ್ಕೆ 24 ಅಂಟುಚಿತ್ರಗಳು ಬೇಕು. ಕಷ್ಟವಿರುವುದು ಸಂಖ್ಯೆಯಲ್ಲಲ್ಲ, ಹೊಂದಿಕೆಯಲ್ಲಿ. ಒಂದು ಮುಖದ ಗೆರೆ ಕೂದಲೆಳೆಯಷ್ಟು ಓರೆಯಾದರೆ, ಅದನ್ನೇ ಅನುಸರಿಸಿದ ಮುಂದಿನದು ಇನ್ನಷ್ಟು ಓರೆಯಾಗುವುದು. ಸುತ್ತಿ ಬರುವಷ್ಟರಲ್ಲಿ ಕೊನೆಯದು ಕೂಡದೆ ಹೋಗುವುದು.

ಇದಕ್ಕೆ ಉಪಾಯವುಂಟು. ಚಿತ್ರಗಳಿಗೆಲ್ಲ ಅಂಕಿ ಹಾಕಿ, ಜೆರಾಕ್ಸ್ ಪ್ರತಿಯೊಂದನ್ನು ಕತ್ತರಿಸಿ, ಮಾದರಿಯ ಮೇಲೆ ಒಣಗಿದ್ದಂತೆಯೇ ಇಟ್ಟು ನೋಡಬೇಕು. ನಡುವಣ ಸುತ್ತಿನಲ್ಲಿ ಎದುರುಬದುರಾದ ನಾಲ್ಕು ಮುಖಗಳಿಗೆ ಮೊದಲು ಅಂಟಿಸಿ, ನಡುವಿನವನ್ನು ಅನಂತರ ಕೂಡಿಸಿದರೆ ತಪ್ಪು ಬೆಳೆಯುತ್ತ ಹೋಗುವುದಿಲ್ಲ.

ಅಂಟಿಸುವ ಮೇಲ್ಮೈಗೆ ಹೊಳಪಿನ ಬಣ್ಣವನ್ನು ಬಳಿದಿರಬೇಕು. ಒರಟು ಮೈಯಲ್ಲಿ ಗಾಳಿ ಸಿಕ್ಕಿ ಚಿತ್ರದ ಅಡಿ ಬೆಳ್ಳಗಾಗುವುದು. ಮನೆಯ ಶಾಯಿ ಪ್ರಿಂಟರಿನಲ್ಲಿ ಅಚ್ಚು ಮಾಡಿದ ಹಾಳೆಯಾದರೆ, ನೆನೆಸುವುದಕ್ಕೆ ಮುಂಚೆ ಅದರ ಮೇಲೆ ಪಾರದರ್ಶಕ ವಾರ್ನಿಷು ಹಚ್ಚಲೇಬೇಕು. ಇಲ್ಲವಾದರೆ ಶಾಯಿ ಕರಗುವುದು. ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ನೆನೆಸಿ, ತಟ್ಟೆಯ ಮೇಲೆ ಒಂದು ನಿಮಿಷ ಬಿಡಬೇಕು. ಮಾದರಿಯನ್ನು ಒದ್ದೆ ಮಾಡಿ, ಮೆತ್ತನೆಯ ಕುಂಚದಿಂದ ಚಿತ್ರವನ್ನು ಜಾರಿಸಬೇಕೇ ಹೊರತು ಎತ್ತಬಾರದು. ಸರಿಯಾಗಿ ಕುಳಿತ ಮೇಲೆ, ತೇವದ ಬಟ್ಟೆಯಿಂದ ನಡುವಿನಿಂದ ಅಂಚಿನೆಡೆಗೆ ಒತ್ತಿ ನೀರನ್ನು ಹೊರಡಿಸಬೇಕು. ಗುಳ್ಳೆ ಎದ್ದರೆ ಸೂಜಿಯ ಮೊನೆ ಸಾಕು.

ಒಂದು ಸಲಕ್ಕೆ ಮೂರು ನಾಲ್ಕು ಮುಖಗಳಿಗಿಂತ ಹೆಚ್ಚು ಮಾಡಬಾರದು. ಹಸಿಯಿರುವುದನ್ನು ಬೆರಳು ತಾಗಿದರೆ ಹರಿದೀತು. 1981ರಲ್ಲಿ ಮೊದಲು ಹಾರಿದ ಅಮೆರಿಕದ ಕೊಲಂಬಿಯಾ ನೌಕೆಯ ಮೈಗೆ 30 ಸಾವಿರಕ್ಕೂ ಹೆಚ್ಚು ಶಾಖನಿರೋಧಕ ಬಿಲ್ಲೆಗಳನ್ನು ಹೊಂದಿಸಿದ್ದರು. ಅದರ ಮಾದರಿಗೆ ಬಿಲ್ಲೆಗಳ ಗೆರೆಯುಳ್ಳ ದೊಡ್ಡ ಹಾಳೆಗಳನ್ನು ಕೂಡಿಸುವವರೂ ಈ ಕ್ರಮವನ್ನೇ ಅನುಸರಿಸುವರು.

ತಟ್ಟೆ ಲೋಟಗಳನ್ನು ಚೆಲ್ಲದೆ ಸಾಗಿಸುವ ಕೈಗೂ ಲೆಕ್ಕದ ಸಾಲು ತಪ್ಪದ ಕಣ್ಣಿಗೂ ಈ ಕೆಲಸ ಹೊಸತೆನಿಸದು. ನಾಲ್ಕಾರು ಭಾನುವಾರಗಳ ಬಳಿಕ ಕಪಾಟಿನ ಮೇಲೆ ಆರ್ಯಭಟನು ನಿಂತಾಗ, ಅದಮಾರು ಎಲ್ಲಿದೆಯೆಂದು ಮಕ್ಕಳೇ ಕೇಳುವರು. ಊರಿನ ಕಥೆಯನ್ನು ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಬೇಕೆ?