ವಿದೇಶಿ ಸಂಜಾತ ಪ್ರಾಧ್ಯಾಪಕರ ಶಾಶ್ವತ ನಿವಾಸ (ಅಮೆರಿಕ)

ಅಮೆರಿಕ ಸಂಯುಕ್ತ ಸಂಸ್ಥಾನದ ವಿಶ್ವವಿದ್ಯಾಲಯಗಳಲ್ಲಿ ಬೋಧಿಸುವ ವಿದೇಶಿ ಸಂಜಾತ ಪ್ರಾಧ್ಯಾಪಕರು ಆ ದೇಶದಲ್ಲಿ ಕಾಲಮಿತಿಯಿಲ್ಲದೆ ನೆಲೆಸಿ ಉದ್ಯೋಗ ಮಾಡಲು ಪಡೆಯುವ ಕಾನೂನುಬದ್ಧ ಅನುಮತಿಯನ್ನು ಶಾಶ್ವತ ನಿವಾಸ ಎನ್ನುತ್ತಾರೆ. ಇದರ ಗುರುತುಚೀಟಿಯು ಗ್ರೀನ್ ಕಾರ್ಡ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಇದು ಪೌರತ್ವವಲ್ಲ, ಸಾಮಾನ್ಯವಾಗಿ ಐದು ವರ್ಷ ಶಾಶ್ವತ ನಿವಾಸಿಯಾಗಿದ್ದವರು ಪೌರತ್ವಕ್ಕೆ ಅರ್ಜಿ ಸಲ್ಲಿಸಬಹುದು. ವಿಶ್ವವಿದ್ಯಾಲಯವು ನೀಡುವ ಕಾಯಂ ಹುದ್ದೆ, ಅಂದರೆ ಟೆನ್ಯೂರ್, ಮತ್ತು ಸರ್ಕಾರವು ನೀಡುವ ಶಾಶ್ವತ ನಿವಾಸ ಎರಡೂ ಬೇರೆ ಬೇರೆ. ಮೊದಲನೆಯದು ದೊರೆತ ಮಾತ್ರಕ್ಕೆ ಎರಡನೆಯದು ದೊರೆಯುವುದಿಲ್ಲ.

ಹಿನ್ನೆಲೆ

1946ರ ಲೂಸ್–ಸೆಲ್ಲರ್ ಕಾಯಿದೆಯು ಭಾರತೀಯರಿಗೆ ವರ್ಷಕ್ಕೆ 100 ವಲಸೆ ವೀಸಾಗಳನ್ನೂ ಪೌರತ್ವ ಪಡೆಯುವ ಅವಕಾಶವನ್ನೂ ಕಲ್ಪಿಸಿತು. 1937ರಿಂದ ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದ ಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರು 1953ರಲ್ಲಿ ಅಮೆರಿಕದ ಪೌರರಾದರು. 1965ರ ವಲಸೆ ಕಾಯಿದೆಯು ರಾಷ್ಟ್ರಮೂಲವನ್ನು ಆಧರಿಸಿದ ಹಳೆಯ ಕೋಟಾ ಪದ್ಧತಿಯನ್ನು ರದ್ದುಗೊಳಿಸಿತು. ಉದ್ಯೋಗಾಧಾರಿತ ವಲಸೆಗೆ ವರ್ಷಕ್ಕೆ ಸುಮಾರು 1,40,000 ವೀಸಾಗಳೆಂಬ ಈಗಿನ ಮಿತಿಯು 1990ರ ಕಾಯಿದೆಯಿಂದ ಬಂದದ್ದು. ಅರ್ಜಿದಾರರ ಪತಿ ಅಥವಾ ಪತ್ನಿ ಮತ್ತು ಮಕ್ಕಳೂ ಈ ಸಂಖ್ಯೆಯೊಳಗೇ ಸೇರುತ್ತಾರೆ.

ತಾತ್ಕಾಲಿಕ ವೀಸಾ

ಹೆಚ್ಚಿನ ಪ್ರಾಧ್ಯಾಪಕರು ಮೊದಲು ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುತ್ತಾರೆ. ಈ ವೀಸಾಗಿರುವ ವಾರ್ಷಿಕ ಸಂಖ್ಯಾಮಿತಿಯು ವಿಶ್ವವಿದ್ಯಾಲಯದ ನೇಮಕಾತಿಗಳಿಗೆ ಅನ್ವಯಿಸುವುದಿಲ್ಲ. ಇದರ ಅವಧಿ ಸಾಮಾನ್ಯವಾಗಿ ಆರು ವರ್ಷ. ಶಾಶ್ವತ ನಿವಾಸದ ಪ್ರಕ್ರಿಯೆಯು ನಿಗದಿತ ಹಂತವನ್ನು ತಲುಪಿದ್ದರೆ ಅದನ್ನು ಮುಂದಕ್ಕೆ ವಿಸ್ತರಿಸಬಹುದು. ಜೆ-1 ವಿನಿಮಯ ವೀಸಾದಲ್ಲಿ ಬಂದವರಲ್ಲಿ ಕೆಲವರಿಗೆ ಎರಡು ವರ್ಷ ಸ್ವದೇಶದಲ್ಲಿ ವಾಸಿಸಬೇಕೆಂಬ ಷರತ್ತು ಇರುತ್ತದೆ. ಅಂಥವರು ಷರತ್ತನ್ನು ಪೂರೈಸಬೇಕು, ಇಲ್ಲವೇ ಅದರಿಂದ ವಿನಾಯಿತಿ ಪಡೆಯಬೇಕು.

ಅರ್ಜಿಯ ಮಾರ್ಗಗಳು

ಕಾರ್ಮಿಕ ಪ್ರಮಾಣೀಕರಣ: ಇಲ್ಲಿ ವಿಶ್ವವಿದ್ಯಾಲಯವೇ ಕಾರ್ಮಿಕ ಇಲಾಖೆಗೆ ಅರ್ಜಿ ಸಲ್ಲಿಸುತ್ತದೆ. ಇತರ ಉದ್ಯೋಗಗಳಲ್ಲಿ ಕನಿಷ್ಠ ಅರ್ಹತೆಯುಳ್ಳ ಅಮೆರಿಕನ್ ಅಭ್ಯರ್ಥಿ ದೊರೆತರೆ ವಿದೇಶಿಯರಿಗೆ ಪ್ರಮಾಣಪತ್ರ ಸಿಗದು. ಕಾಲೇಜು ಬೋಧಕರ ವಿಷಯದಲ್ಲಿ ಮಾತ್ರ ವಿಶೇಷ ನಿಯಮವಿದೆ: ಸ್ಪರ್ಧಾತ್ಮಕ ಆಯ್ಕೆಯಲ್ಲಿ ವಿದೇಶಿ ಅಭ್ಯರ್ಥಿಯೇ ಹೆಚ್ಚು ಅರ್ಹರೆಂದು ಕಂಡುಬಂದುದನ್ನು ವಿಶ್ವವಿದ್ಯಾಲಯ ತೋರಿಸಿದರೆ ಸಾಕು. ಹುದ್ದೆಯಲ್ಲಿ ತರಗತಿ ಬೋಧನೆ ಇರಬೇಕು ಮತ್ತು ರಾಷ್ಟ್ರಮಟ್ಟದ ವೃತ್ತಿಪರ ನಿಯತಕಾಲಿಕದಲ್ಲಿ ಜಾಹೀರಾತು ಪ್ರಕಟವಾಗಿರಬೇಕು. ಆಯ್ಕೆಯಾದ 18 ತಿಂಗಳೊಳಗೆ ಈ ಅರ್ಜಿ ಸಲ್ಲಿಕೆಯಾಗಬೇಕು; ಗಡುವು ಮೀರಿದರೆ ಈ ಸೌಲಭ್ಯಕ್ಕಾಗಿ ಹೊಸದಾಗಿ ಆಯ್ಕೆ ನಡೆಸಬೇಕಾಗುತ್ತದೆ. ಈ ಹಂತದ ವಕೀಲರ ಶುಲ್ಕವನ್ನು ಉದ್ಯೋಗದಾತರೇ ಭರಿಸಬೇಕು. ಪ್ರಮಾಣಪತ್ರ ದೊರೆತ ಬಳಿಕ ಸಾಮಾನ್ಯವಾಗಿ ಇಬಿ-2 ವರ್ಗದಲ್ಲಿ ಐ-140 ಅರ್ಜಿ ಸಲ್ಲಿಸಲಾಗುತ್ತದೆ.

ವಿಶಿಷ್ಟ ಪ್ರಾಧ್ಯಾಪಕರ ವರ್ಗ (ಇಬಿ-1ಬಿ): ಇದಕ್ಕೆ ಕಾರ್ಮಿಕ ಪ್ರಮಾಣೀಕರಣ ಬೇಡ. ಬೋಧನೆ ಅಥವಾ ಸಂಶೋಧನೆಯಲ್ಲಿ ಕನಿಷ್ಠ 3 ವರ್ಷಗಳ ಅನುಭವ, ಅಂತರರಾಷ್ಟ್ರೀಯ ಮನ್ನಣೆ ಮತ್ತು ಟೆನ್ಯೂರ್‌ಗೆ ಅರ್ಹವಾದ ಅಥವಾ ತತ್ಸಮಾನ ಕಾಯಂ ಹುದ್ದೆ ಇರಬೇಕು. ಪ್ರಶಸ್ತಿಗಳು, ಸಾಧಕರಿಗಷ್ಟೇ ಸದಸ್ಯತ್ವ ನೀಡುವ ಸಂಘಗಳು, ತಮ್ಮ ಕೆಲಸದ ಬಗ್ಗೆ ಇತರರು ಬರೆದ ಲೇಖನಗಳು, ಇತರರ ಕೃತಿಗಳ ಪರಾಮರ್ಶೆ, ಮೂಲ ಸಂಶೋಧನೆ, ವಿದ್ವತ್ ಪ್ರಕಟಣೆಗಳು – ಈ ಆರರಲ್ಲಿ ಕನಿಷ್ಠ ಎರಡಕ್ಕೆ ದಾಖಲೆ ಒದಗಿಸಬೇಕು.

ಸ್ವಂತ ಅರ್ಜಿ: ಅಸಾಧಾರಣ ಸಾಮರ್ಥ್ಯದ ವರ್ಗ (ಇಬಿ-1ಎ) ಮತ್ತು ರಾಷ್ಟ್ರೀಯ ಹಿತಾಸಕ್ತಿ ವಿನಾಯಿತಿ (ಇಬಿ-2) ಎಂಬ ಮಾರ್ಗಗಳಲ್ಲಿ ವಿಶ್ವವಿದ್ಯಾಲಯದ ನೆರವಿಲ್ಲದೆಯೇ ಅರ್ಜಿ ಹಾಕಬಹುದು.

ಸರದಿ ಮತ್ತು ಜನ್ಮದೇಶ

ಐ-140 ಅನುಮೋದನೆಯಾದರೂ ವೀಸಾ ಸಂಖ್ಯೆ ಲಭ್ಯವಾಗುವವರೆಗೆ ಕಾಯಬೇಕು. ಸಾಮಾನ್ಯವಾಗಿ ಒಂದು ದೇಶದವರಿಗೆ ಒಟ್ಟು ವೀಸಾಗಳಲ್ಲಿ ಶೇಕಡ 7ಕ್ಕಿಂತ ಹೆಚ್ಚು ಸಲ್ಲುವಂತಿಲ್ಲ. ಇಲ್ಲಿ ಗಣನೆಗೆ ಬರುವುದು ಪೌರತ್ವವಲ್ಲ, ಹುಟ್ಟಿದ ದೇಶ. ಮೈಸೂರಿನಲ್ಲಿ ಹುಟ್ಟಿ ಮುಂದೆ ಕೆನಡಾದ ಪೌರರಾದವರೂ ಭಾರತದ ಸರದಿಯಲ್ಲೇ ನಿಲ್ಲಬೇಕು. ಆದರೆ ಪತಿ ಅಥವಾ ಪತ್ನಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಆ ದೇಶದ ಸರದಿಯನ್ನು ಬಳಸಿಕೊಳ್ಳಬಹುದು. ಇಬಿ-2 ವರ್ಗದಲ್ಲಿ ಭಾರತ ಸಂಜಾತರ ನಿರೀಕ್ಷೆಯು ಹತ್ತು ವರ್ಷಗಳನ್ನೂ ಮೀರಿದೆ.

ಸರದಿಯಲ್ಲಿನ ಸ್ಥಾನವನ್ನು ಆದ್ಯತಾ ದಿನಾಂಕವು ನಿರ್ಧರಿಸುತ್ತದೆ. ಕಾರ್ಮಿಕ ಪ್ರಮಾಣೀಕರಣದ ಮಾರ್ಗದಲ್ಲಿ ಆ ಅರ್ಜಿ ಸಲ್ಲಿಸಿದ ದಿನವೂ ಇತರ ಮಾರ್ಗಗಳಲ್ಲಿ ಐ-140 ಸಲ್ಲಿಸಿದ ದಿನವೂ ಆದ್ಯತಾ ದಿನಾಂಕವಾಗುತ್ತದೆ. ವಿದೇಶಾಂಗ ಇಲಾಖೆಯು ಪ್ರತಿ ತಿಂಗಳು ಪ್ರಕಟಿಸುವ ವೀಸಾ ಬುಲೆಟಿನ್‌ನಲ್ಲಿ ಸರದಿ ಎಲ್ಲಿಗೆ ಬಂದಿದೆಯೆಂಬುದು ತಿಳಿಯುತ್ತದೆ. ಇಬಿ-2ರಲ್ಲಿ ಅನುಮೋದಿತ ಅರ್ಜಿಯುಳ್ಳವರು ಮುಂದೆ ಇಬಿ-1ರಲ್ಲಿ ಅರ್ಹತೆ ಪಡೆದರೆ ಹಳೆಯ ದಿನಾಂಕವನ್ನು ಸಾಮಾನ್ಯವಾಗಿ ಉಳಿಸಿಕೊಳ್ಳಬಹುದು. ಆದ್ದರಿಂದ ಭಾರತ ಸಂಜಾತ ಪ್ರಾಧ್ಯಾಪಕರು ನೇಮಕಗೊಂಡ ಮೊದಲ ವರ್ಷದಲ್ಲೇ ಅರ್ಜಿ ಸಲ್ಲಿಸುವುದು ಪ್ರಯೋಜನಕರ. ಟೆನ್ಯೂರ್ ದೊರೆಯಲೆಂದು ಕಾದರೆ ಸರದಿಯಲ್ಲಿ ಅಷ್ಟು ವರ್ಷ ಹಿಂದೆ ಬೀಳುತ್ತಾರೆ.

ಸರದಿ ಬಂದಾಗ, ಅಮೆರಿಕದಲ್ಲೇ ಇರುವವರು ಐ-485 ಅರ್ಜಿ ಸಲ್ಲಿಸುತ್ತಾರೆ. ಅದು 180 ದಿನಗಳಿಗೂ ಹೆಚ್ಚು ಕಾಲ ಬಾಕಿಯಿದ್ದರೆ ಅದೇ ಬಗೆಯ ಬೇರೊಂದು ಉದ್ಯೋಗಕ್ಕೆ ಹೋಗಲು ಅವಕಾಶವಿದೆ.

ಮಕ್ಕಳ ಮೇಲಿನ ಪರಿಣಾಮ

21 ವರ್ಷದೊಳಗಿನ ಅವಿವಾಹಿತ ಮಕ್ಕಳು ತಂದೆ ಅಥವಾ ತಾಯಿಯ ಅರ್ಜಿಯೊಂದಿಗೆ ಶಾಶ್ವತ ನಿವಾಸ ಪಡೆಯುತ್ತಾರೆ. 2002ರ ಮಕ್ಕಳ ಸ್ಥಾನಮಾನ ರಕ್ಷಣಾ ಕಾಯಿದೆಯಂತೆ, ಐ-140 ಪರಿಶೀಲನೆಯಲ್ಲಿದ್ದ ಅವಧಿಯನ್ನು ಮಗುವಿನ ವಯಸ್ಸಿನಿಂದ ಕಳೆಯಲಾಗುತ್ತದೆ. ಆದರೆ ಸರದಿಗಾಗಿ ಕಾದ ವರ್ಷಗಳನ್ನು ಕಳೆಯುವುದಿಲ್ಲ. ಹೀಗಾಗಿ ಶೈಶವದಲ್ಲಿ ಅಮೆರಿಕಕ್ಕೆ ಬಂದು ಅಲ್ಲಿಯೇ ಶಾಲೆ ಕಲಿತ ಮಕ್ಕಳು ಸರದಿ ಬರುವ ಮೊದಲೇ ವಯೋಮಿತಿ ಮೀರಿದರೆ, ಅಲ್ಲಿ ಉಳಿಯಲು ವಿದ್ಯಾರ್ಥಿ ವೀಸಾ ಮುಂತಾದ ಬೇರೆ ದಾರಿಯನ್ನು ಹುಡುಕಬೇಕಾಗುತ್ತದೆ.