ಬೆಣ್ಣೆಹಣ್ಣಿಗೆ ವಕೀಲರ ಹೆಸರು

ಕೊಡಗಿನ ಕಾಫಿ ತೋಟದಿಂದ ಬಂದು, ಬೆಂಗಳೂರಿನ ಜ್ಯೂಸ್ ಅಂಗಡಿಯಲ್ಲಿ ಹಾಲು ಸಕ್ಕರೆಯೊಂದಿಗೆ ಮಿಕ್ಸಿಗೆ ಬೀಳುವ ಬೆಣ್ಣೆಹಣ್ಣು, ಸೂಪರ್‌ಮಾರ್ಕೆಟ್‌ನಲ್ಲಿ ಮೈಗೆ ಸ್ಟಿಕರ್ ಅಂಟಿಸಿಕೊಂಡು ಕೂತ ಅವಕಾಡೊ, ಎರಡೂ ಒಂದೇ. ಈ ಎರಡು ಹೆಸರುಗಳಲ್ಲಿ ಹಣ್ಣಿನ ಗುಣ ಹೇಳುವುದು ಕನ್ನಡದ್ದೇ. ಇನ್ನೊಂದು, ಪರದೇಶಿಗಳು ಬಾಯಿಗೆ ಬಂದಂತೆ ತಿರುಚಿಕೊಂಡ ಪದ.

ಮೆಕ್ಸಿಕೊದ ಅಜ್ಟೆಕರ ನಾವಾಟಲ್ ಭಾಷೆಯಲ್ಲಿ ಇದು 'ಆವಾಕಟ್ಲ್'. ಹದಿನಾರನೆಯ ಶತಮಾನದಲ್ಲಿ ಬಂದಿಳಿದ ಸ್ಪೇನಿನವರಿಗೆ ಕೊನೆಯ 'ಟ್ಲ್' ಹೊರಳಲಿಲ್ಲ, 'ಅಗುವಕಾತೆ' ಎಂದರು. ಕೆಲವರು ಅದನ್ನೂ ಬಿಟ್ಟು, ತಮಗೆ ಮೊದಲೇ ಗೊತ್ತಿದ್ದ 'ಅವೊಕಾದೊ' ಎಂಬ ಪದವನ್ನೇ ಹಣ್ಣಿಗೆ ಅಂಟಿಸಿದರು. ಆಗಿನ ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ವಕೀಲ! ಇಂಗ್ಲಿಷಿಗೆ ದಾಟಿದ್ದು ಇದೇ. ಇಂಗ್ಲಿಷರಲ್ಲಿ ಕೆಲವರು ಮತ್ತೂ ಮುಂದೆ ಹೋಗಿ 'ಅಲಿಗೇಟರ್ ಪೇರ್' ಎಂದು ಮೊಸಳೆಯನ್ನೂ ಎಳೆದು ತಂದರು. ಫ್ರೆಂಚರಿಗಂತೂ ಇಂದಿಗೂ ಕೋರ್ಟಿನಲ್ಲಿ ವಾದಿಸುವವರೂ ತಟ್ಟೆಯಲ್ಲಿರುವುದೂ 'ಅವೊಕಾ'. ಮೂಲ ಹೆಸರಿನ ಚೂರೊಂದು 'ಗ್ವಾಕಮೋಲೆ'ಯಲ್ಲಿ ಉಳಿದಿದೆ: ಆವಾಕಟ್ಲ್ ಜೊತೆಗೆ 'ಮೊಲ್ಲಿ', ಅಂದರೆ ಬೆಣ್ಣೆಹಣ್ಣಿನ ಗೊಜ್ಜು.

ಆವಾಕಟ್ಲ್ ಎಂದರೆ ವೃಷಣ, ಜೋಡಿಯಾಗಿ ನೇತಾಡುವುದರಿಂದ ಹಣ್ಣಿಗೆ ಆ ಹೆಸರು ಬಂತು ಎಂಬ ಕಥೆ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಕೇಳಲು ಮಜವಾಗಿದೆ, ಆದರೆ ತಲೆಕೆಳಗು. ಅಲೊನ್ಸೊ ದೆ ಮೊಲೀನಾ ಎಂಬ ಪಾದ್ರಿಯ 1571ರ ನಿಘಂಟಿನಲ್ಲಿ ಎರಡೂ ಅರ್ಥಗಳಿವೆ, ನಿಜ. ಮೊದಲು ಬರುವುದು ಹಣ್ಣು. ಇನ್ನೊಂದು ಆಡುಮಾತಿನ ಹೋಲಿಕೆ. ಮೂಗನ್ನು ಸಂಪಿಗೆ ಎಂದು ಹೊಗಳಿದ ಮಾತ್ರಕ್ಕೆ ಹೂವಿನ ಹೆಸರು ಮೂಗಿನಿಂದ ಬಂತು ಎನ್ನಲಾದೀತೇ?

ಹೆಸರಿಗಿಂತ ಹಣ್ಣು ಬಹಳ ಹಳೆಯದು. ದಾಲ್ಚಿನ್ನಿ, ಕರ್ಪೂರದ ಮರಗಳ ಕುಟುಂಬಕ್ಕೆ ಸೇರಿದ ಇದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಮೆಕ್ಸಿಕೊದ ತೆವಾಕಾನ್ ಕಣಿವೆಯ ಗುಹೆಗಳಲ್ಲಿ ಸಾವಿರಾರು ವರ್ಷ ಹಿಂದಿನ ಜನ ತಿಂದೆಸೆದ ಬೀಜಗಳು ಸಿಕ್ಕಿವೆ.

ಆ ಬೀಜವೇ ಒಂದು ಒಗಟು. ಹಣ್ಣು ಹೋಳು ಮಾಡಿದರೆ ನಿಂಬೆಹಣ್ಣಿನ ಗಾತ್ರದ, ನುಣುಪಾದ ಕಂದು ಗುಂಡು ಉರುಳುತ್ತದೆ. ಇದನ್ನು ನುಂಗಿ ದೂರ ಒಯ್ದು ಬಿತ್ತುವ ಪ್ರಾಣಿ ಯಾವುದು? 1982ರಲ್ಲಿ ಡೇನಿಯಲ್ ಜಾನ್ಜೆನ್ ಮತ್ತು ಪಾಲ್ ಮಾರ್ಟಿನ್ ಎಂಬ ವಿಜ್ಞಾನಿಗಳು ಮಧ್ಯ ಅಮೆರಿಕದ ಇಂಥ ದೊಡ್ಡ ಹಣ್ಣುಗಳ ಬಗ್ಗೆ ಒಂದು ವಾದ ಮುಂದಿಟ್ಟರು: ಇವನ್ನು ತಿನ್ನುತ್ತಿದ್ದದ್ದು ಆನೆಯ ದೂರದ ನೆಂಟ ಗಾಂಫೊಥೀರ್‌ನಂಥ ದೈತ್ಯಪ್ರಾಣಿಗಳು, ಹಿಮಯುಗದ ಕೊನೆಗೆ ಅವು ಅಳಿದರೂ ಮರಗಳು ಉಳಿದುಕೊಂಡವು. ಬೆಣ್ಣೆಹಣ್ಣನ್ನೂ ಇದೇ ಸಾಲಿಗೆ ಸೇರಿಸುವುದುಂಟು. ಆದರೆ ಇಂದಿನ ದಪ್ಪ ತಿರುಳಿಗೆ ದೈತ್ಯರಿಗಿಂತ, ತಲೆಮಾರುಗಳಿಂದ ಒಳ್ಳೆಯ ಮರ ಆರಿಸುತ್ತ ಬಂದ ರೈತರೇ ಹೆಚ್ಚು ಕಾರಣ.

ಒಂದು ಹಳೆಯ ಚಾಳಿಯನ್ನು ಮಾತ್ರ ಹಣ್ಣು ಬಿಟ್ಟಿಲ್ಲ: ಎಷ್ಟೇ ಬಲಿತರೂ ಮರದಲ್ಲಿರುವಾಗ ಮೆತ್ತಗಾಗುವುದಿಲ್ಲ, ಉದುರಬೇಕು, ಇಲ್ಲವೇ ಕೀಳಬೇಕು. ಆದ್ದರಿಂದ ಅಂಗಡಿಯಿಂದ ತಂದದ್ದು ಕಲ್ಲಿನಂತಿದ್ದರೆ ಬೈಯಬೇಡಿ, ಅಕ್ಕಿ ಡಬ್ಬಿಯಲ್ಲಿ ಕೆಲವು ದಿನ ಹೂತಿಡಿ.