‘ಬಂಕಮ್’ ಶಬ್ದದ ಹುಟ್ಟೂರು

ಪೊಳ್ಳುಮಾತಿಗೆ ಇಂಗ್ಲಿಷಿನ ಆಡುನುಡಿಯಲ್ಲಿ ‘ಬಂಕಮ್’ ಎಂಬ ಹೆಸರುಂಟು. ಅದನ್ನೇ ಮೊಟಕುಗೊಳಿಸಿ ‘ಬಂಕ್’ ಎನ್ನುವುದೂ ಉಂಟು. ತರಗತಿಯಲ್ಲಿ ನಾವು ಬಹುಕಾಲ ಇದಕ್ಕೆ ‘ಅಸಂಬದ್ಧ ಪ್ರಲಾಪ’ವೆಂದೇ ಅರ್ಥ ಹೇಳಿಕೊಡುತ್ತಿದ್ದೆವು. ಶಬ್ದದ ಹುಟ್ಟನ್ನು ವಿಚಾರಿಸಿದ ಮೇಲೆ ಆ ಅರ್ಥ ಸಾಲದೆಂದು ತೋರಿತು.

ಬಹುಪಾಲು ಆಡುಮಾತುಗಳಿಗೆ ಜಾತಕವಿರುವುದಿಲ್ಲ. ಇದಕ್ಕೆ ಇದೆ. ಅಮೆರಿಕದ ಉತ್ತರ ಕೆರೊಲೈನಾ ಸಂಸ್ಥಾನದ ಪಶ್ಚಿಮದ ಬೆಟ್ಟಸೀಮೆಯಲ್ಲಿ ಬಂಕಮ್ ಎಂಬ ಜಿಲ್ಲೆಯಿದೆ. ಆಶ್‌ವಿಲ್ ಅದರ ಮುಖ್ಯ ಪಟ್ಟಣ. ಆ ಸೀಮೆಯ ಪ್ರತಿನಿಧಿಯಾಗಿ ಫೀಲಿಕ್ಸ್ ವಾಕರ್ ಎಂಬವರು 1820ರಲ್ಲಿ ವಾಷಿಂಗ್ಟನ್ನಿನ ಶಾಸನಸಭೆಯಲ್ಲಿದ್ದರು. ಮಿಸೌರಿ ಪ್ರಾಂತವನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳುವಾಗ ಅಲ್ಲಿ ಗುಲಾಮಗಿರಿಗೆ ಎಡೆಯಿರಬೇಕೆ, ಕೂಡದೆ ಎಂಬುದು ಆಗ ಸಭೆಯ ಮುಂದಿದ್ದ ಪ್ರಶ್ನೆ. ಚರ್ಚೆ ಬಹಳ ಬೆಳೆದಿತ್ತು. ಫೆಬ್ರವರಿಯ ಕೊನೆಗೆ ದಣಿದ ಸದಸ್ಯರು ವಿಷಯವನ್ನು ಮತಕ್ಕೆ ಹಾಕಿರೆಂದು ಕೂಗುತ್ತಿರಲು ವಾಕರ್ ಭಾಷಣಕ್ಕೆ ಎದ್ದುನಿಂತರು. ಸಾಕೆಂದು ಬೇಡಿದರೂ ಕೇಳಲಿಲ್ಲ. ಜಿಲ್ಲೆಯ ಜನ ತಮ್ಮಿಂದ ಒಂದು ಭಾಷಣವನ್ನು ನಿರೀಕ್ಷಿಸುತ್ತಿರುವರು, ಬಂಕಮ್‌ಗಾಗಿ ಮಾತಾಡಲೇಬೇಕು ಎಂಬುದು ಅವರ ಹಟ.

‘ಬಂಕಮ್‌ಗಾಗಿ ಮಾತಾಡುವುದು’ ಅಲ್ಲಿಂದ ರಾಜಕಾರಣಿಗಳ ನಗೆಮಾತಾಯಿತು. ಊರಿನ ಹೆಸರು ಬಾಯಿಂದ ಬಾಯಿಗೆ ಹೋಗಿ, ಉಚ್ಚಾರಕ್ಕೆ ತಕ್ಕಂತೆ ಕಾಗುಣಿತವನ್ನೂ ಬದಲಿಸಿಕೊಂಡು, ಪೊಳ್ಳುಮಾತಿಗೇ ಹೆಸರಾಗಿ ನಿಂತಿತು. ಇತಿಹಾಸವೆಂಬುದು ಹೆಚ್ಚುಕಡಿಮೆ ಬಂಕ್ ಎಂದು ಮೋಟಾರು ತಯಾರಕ ಹೆನ್ರಿ ಫೋರ್ಡ್ 1916ರಲ್ಲಿ ಹೇಳಿದ್ದು ಪ್ರಸಿದ್ಧವೇ. ಪೊಳ್ಳನ್ನು ಬಯಲಿಗೆಳೆಯುವುದಕ್ಕೆ ‘ಡಿಬಂಕ್’ ಎಂಬ ಕ್ರಿಯಾಪದವನ್ನು ವುಡ್‌ವರ್ಡ್ ಎಂಬ ಲೇಖಕರು 1923ರ ತಮ್ಮ ಕಾದಂಬರಿಯಲ್ಲಿ ಬಳಕೆಗೆ ತಂದರು.

ಹೀಗಿರುವಲ್ಲಿ ಬಂಕಮ್ ಅಸಂಬದ್ಧವೇ ಆಗಿರಬೇಕೆಂದಿಲ್ಲ. ಅದರ ವ್ಯಾಕರಣ ಶುದ್ಧವಾಗಿರಬಹುದು, ಅಲಂಕಾರಕ್ಕೂ ಕೊರತೆಯಿರದು. ಎದುರಿಗಿರುವವರನ್ನು ಬಿಟ್ಟು ಬೇರೆಲ್ಲೋ ಇರುವವರ ಮೆಚ್ಚುಗೆಗಾಗಿ ಆಡಿದ್ದು ಎಂಬುದೇ ಅದರ ದೋಷ. ನಮ್ಮ ‘ಹರಟೆ’ಯಲ್ಲಿ ಸ್ನೇಹವಿದೆ, ‘ಬೊಗಳೆ’ಯಲ್ಲಿ ಬಡಾಯಿ, ‘ಬುರುಡೆ’ಯಲ್ಲಿ ಸುಳ್ಳು. ಮೂರೂ ಇದಕ್ಕೆ ಸರಿಹೊಂದವು. ‘ತೋರಿಕೆಯ ಮಾತು’ ಎಂದರೆ ಹತ್ತಿರ ಬಂದೀತು. ವಾರ್ಷಿಕೋತ್ಸವದ ವೇದಿಕೆಗಳಲ್ಲಿ ಕುಳಿತೆದ್ದ ಉಪಾಧ್ಯಾಯ ಮಿತ್ರರಿಗೆ ಉದಾಹರಣೆ ಬೇರೆ ಬೇಕಿಲ್ಲ.

ಗಡಿಯಂಚಿನವರಾದ ನಮಗೆ ವಾಕರರ ಹಟ ಪೂರ್ತಿ ನಗೆಪಾಟಲೆನಿಸದು. ದೂರದ ಸಭೆಯಲ್ಲಿ ನಮ್ಮ ಸೀಮೆಯ ಹೆಸರು ಒಮ್ಮೆಯಾದರೂ ಕೇಳಿಬರಲೆಂಬ ಆಸೆಯನ್ನು ನಾವೂ ಬಲ್ಲೆವು. ಆ ಜಿಲ್ಲೆಯ ಹೆಸರಾದರೂ ಎಡ್ವರ್ಡ್ ಬಂಕಮ್ ಎಂಬ ಸೇನಾಧಿಕಾರಿಯದು. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ, 1777ರ ಜರ್ಮನ್‌ಟೌನ್ ಕಾಳಗದಲ್ಲಿ ಗಾಯಗೊಂಡು ಸೆರೆಸಿಕ್ಕಿ, ಮರುವರ್ಷ ತೀರಿಕೊಂಡವರು. ಅವರ ಹೆಸರಿಗೆ ಒದಗಿದ ಗತಿ ಇದು. ಆದರೆ ಅಂದಿನ ಸಭೆಯಲ್ಲಿ ಯಾರ ಬಾಳು ಚರ್ಚೆಗೊಳಗಾಗಿತ್ತೋ ಆ ಗುಲಾಮರ ಪರವಾಗಿ ಅವರವನೊಬ್ಬನೂ ಅಲ್ಲಿರಲಿಲ್ಲ. ಒಪ್ಪಂದವೇರ್ಪಟ್ಟು 1821ರಲ್ಲಿ ಮಿಸೌರಿ ಗುಲಾಮಗಿರಿಯನ್ನು ಉಳಿಸಿಕೊಂಡೇ ಒಕ್ಕೂಟವನ್ನು ಸೇರಿತು. ವಾಕರರ ಕಥೆಯನ್ನು ನಗುತ್ತ ಹೇಳುವವರು ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ; ಪಾಠದಲ್ಲಿ ನಾವು ಬಿಡುವುದಿಲ್ಲ.

ಕೊನೆಗೊಂದು ಸಂದೇಹ ಪರಿಹಾರ. ನಮ್ಮ ವಿದ್ಯಾರ್ಥಿಗಳು ತರಗತಿಯನ್ನು ‘ಬಂಕ್’ ಮಾಡುವರಲ್ಲ, ಆ ಶಬ್ದ ಈ ವಂಶದ್ದಲ್ಲ. ಅದು ಓಡಿಹೋಗುವುದೆಂಬ ಅರ್ಥದ ಬೇರೊಂದು ಆಡುಮಾತು. ರೈಲಿನಲ್ಲಿ ಮಲಗುವ ಬಂಕಂತೂ ಇನ್ನೂ ಬೇರೆ.